ಜಾಗ ಕಡಿಮೆಯಿದ್ದಾಗ ಕುಂಡದಲ್ಲಿ ಆಲೂಗಡ್ಡೆ: ಮಣ್ಣನ್ನು ಎಷ್ಟು ಎತ್ತರಕ್ಕೆ ಏರಿಸಬೇಕು?

ಪ್ರಶ್ನೆ: ತಾರಸಿತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ನೆಲದ ತೋಟವಿಲ್ಲ. ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳುವ ಒಂದು ಬಾಲ್ಕನಿ ಮತ್ತು ತಾರಸಿಯ ಒಂದು ಮೂಲೆ ಇಷ್ಟೇ ನಮಗೆ ಸಿಗುವ ಜಾಗ. ಸೊಪ್ಪು, ಮೆಣಸಿನಕಾಯಿ, ಟೊಮೆಟೊ ಬೆಳೆದು ರೂಢಿಯಿದೆ. ಈ ಬಾರಿ ಆಲೂಗಡ್ಡೆ ಬೆಳೆಯಬೇಕೆಂದು ಮನೆಯವರೆಲ್ಲ ಆಸೆಪಟ್ಟಿದ್ದೇವೆ. ಶುರು ಮಾಡುವ ಮುನ್ನ ಕೆಲವು ವಿಷಯಗಳನ್ನು ಬಲ್ಲವರಿಂದ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದೆನಿಸಿತು.

ಎತ್ತರದ ಚೀಲದ ಬಾಯನ್ನು ಕೆಳಕ್ಕೆ ಮಡಿಚಿ, ತಳದಲ್ಲಿ ಸ್ವಲ್ಪ ಮಣ್ಣು ಹಾಕಿ ಗಡ್ಡೆ ನೆಟ್ಟು, ಗಿಡ ಬೆಳೆದಂತೆಲ್ಲ ಚೀಲವನ್ನು ಬಿಚ್ಚುತ್ತಾ ಮಣ್ಣು ತುಂಬುತ್ತಾ ಹೋದರೆ ತಳದಿಂದ ಬಾಯಿಯವರೆಗೂ ಪದರ ಪದರವಾಗಿ ಗಡ್ಡೆ ಕಟ್ಟುತ್ತದೆ ಎಂದು ಹಲವರು ಹೇಳುತ್ತಾರೆ. ಜಾಗ ಕಡಿಮೆ ಇರುವ ನಮ್ಮಂತಹವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇರಲಾರದು ಅನ್ನಿಸುತ್ತದೆ. ಇದು ನಿಜವೇ? ನಲವತ್ತು ಲೀಟರಿನ ಒಂದು ಗ್ರೋ ಬ್ಯಾಗಿನಲ್ಲಿ ಎಷ್ಟು ಗಡ್ಡೆ ನೆಡಬಹುದು? ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದಿರುವ ಆಲೂಗಡ್ಡೆಯನ್ನೇ ಬಿತ್ತನೆಗೆ ಬಳಸಬಹುದೇ? ಹಿಂದೆ ಟೊಮೆಟೊ ಬೆಳೆದ ಕುಂಡಗಳ ಮಣ್ಣು ಸಾಕಷ್ಟು ಉಳಿದಿದೆ, ಅದನ್ನು ಇದಕ್ಕೆ ಹಾಕಬಹುದೇ?

ಉತ್ತರ: ಬೇರುಮೂಲ

ನಮಸ್ಕಾರ. ಎತ್ತರದ ಚೀಲದ ವಿಷಯಕ್ಕೇ ಮೊದಲು ಬರುತ್ತೇನೆ, ಏಕೆಂದರೆ ಕುಂಡದಲ್ಲಿ ಆಲೂಗಡ್ಡೆ ಬೆಳೆಯುವವರ ಶ್ರಮ ಹೆಚ್ಚಾಗಿ ವ್ಯರ್ಥವಾಗುವುದು ಅಲ್ಲಿಯೇ. ಪದರ ಪದರವಾಗಿ ಗಡ್ಡೆ ಕಟ್ಟುತ್ತದೆ ಎಂಬ ಮಾತು ಕೇಳಲು ಚೆನ್ನಾಗಿದೆ, ಆದರೆ ಗಿಡ ಹಾಗೆ ನಡೆದುಕೊಳ್ಳುವುದಿಲ್ಲ.

ಆಲೂಗಡ್ಡೆ ಬೇರಲ್ಲ, ಅದು ಕಾಂಡದ ಭಾಗ. ಬಿತ್ತಿದ ಗಡ್ಡೆಯ ಕಣ್ಣಿನಿಂದ ಮೇಲೇಳುವ ಕಾಂಡದಲ್ಲಿ, ಮಣ್ಣಿನೊಳಗೆ ಇರುವಷ್ಟು ಗೆಣ್ಣುಗಳಿಂದ ತೆಳುವಾದ ಬಿಳಿಯ ಕುಡಿಗಳು ಅಡ್ಡಡ್ಡಲಾಗಿ ಹೊರಡುತ್ತವೆ. ಆ ಕುಡಿಗಳ ತುದಿ ಉಬ್ಬಿಕೊಂಡು ಗಡ್ಡೆಯಾಗುತ್ತದೆ. ಈ ಕುಡಿಗಳು ಮುಖ್ಯವಾಗಿ ಹುಟ್ಟುವುದು ಬಿತ್ತಿದ ಗಡ್ಡೆಗೆ ಹತ್ತಿರವಿರುವ ಕೆಳಗಿನ ಕೆಲವು ಗೆಣ್ಣುಗಳಲ್ಲಿ, ಅದೂ ಗಿಡ ಇನ್ನೂ ಎಳೆಯದಾಗಿರುವಾಗ. ಗಿಡ ಮೊಣಕಾಲೆತ್ತರಕ್ಕೆ ಬಂದು, ಬೆಳಕಿನಲ್ಲಿ ಬಲಿತು ಹಸಿರಾದ ಮೇಲೆ ಆ ಕಾಂಡವನ್ನು ಮಣ್ಣಿನಲ್ಲಿ ಮುಚ್ಚಿದರೆ ಅಲ್ಲಿ ಒಂದಷ್ಟು ಬೇರು ಬರಬಹುದೇ ಹೊರತು ಹೊಸ ಹೊಸ ಪದರಗಳಲ್ಲಿ ಗಡ್ಡೆ ಕಟ್ಟುವುದಿಲ್ಲ. ತಡವಾಗಿ ಬಲಿಯುವ ತಳಿಗಳಲ್ಲಿ ತುಸು ಮೇಲಿನವರೆಗೆ ಕುಡಿಗಳು ಬರುವುದುಂಟು, ಆದರೂ ಒಂದು ಮೀಟರಿನ ಎತ್ತರವಿಡೀ ತುಂಬುವಷ್ಟು ಎಂದಿಗೂ ಬರುವುದಿಲ್ಲ.

ಕೊಯ್ಲಿನ ಹೊತ್ತಿಗೆ ಇಂತಹ ಎತ್ತರದ ಚೀಲದ ಒಂದು ಬದಿಯನ್ನು ಮೇಲಿನಿಂದ ಕೆಳಗಿನವರೆಗೆ ಕತ್ತರಿಸಿ ತೆರೆದು ನೋಡಿದರೆ ವಿಷಯ ತಾನಾಗಿಯೇ ತಿಳಿಯುತ್ತದೆ. ಮೇಲಿನ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ಮಣ್ಣಿನ ನಡುವೆ ಬರಿಯ ಕಾಂಡ, ಅದರ ಸುತ್ತ ಕೂದಲೆಳೆಯ ಬೇರುಗಳು, ಕೊಳೆತು ಕಪ್ಪಾದ ಎಲೆಯ ತೊಟ್ಟುಗಳು ಕಾಣಿಸುತ್ತವೆ. ಗಡ್ಡೆಗಳೆಲ್ಲ ತಳಭಾಗದಲ್ಲಿ, ಸುಕ್ಕುಗಟ್ಟಿದ ಹಳೆಯ ಬಿತ್ತನೆ ಗಡ್ಡೆಯ ಸುತ್ತ ಮತ್ತು ಅದರಿಂದ ಒಂದು ಗೇಣಿನಷ್ಟು ಮೇಲಿನವರೆಗೆ ಮಾತ್ರ ಗುಂಪಾಗಿರುತ್ತವೆ. ಮೇಲೆ ತುಂಬಿದ ಮಣ್ಣು, ಗೊಬ್ಬರ, ನೀರು ಎಲ್ಲವೂ ಹೆಚ್ಚುಕಡಿಮೆ ದಂಡ. ಅಷ್ಟೇ ಅಲ್ಲ, ಪ್ರತಿ ಸಲ ಮಣ್ಣು ಏರಿಸಿದಾಗಲೂ ಗಿಡಕ್ಕೆ ಆಹಾರ ತಯಾರಿಸಿಕೊಡುವ ಎಲೆಗಳನ್ನೇ ಹೂತುಹಾಕಿರುತ್ತೇವೆ.

ಹಾಗೆಂದು ಮಣ್ಣು ಏರಿಸುವುದೇ ಬೇಡ ಎನ್ನುತ್ತಿಲ್ಲ. ಗಡ್ಡೆಗಳಿಗೆ ಬೆಳಕು ತಗಲದಂತೆ ಮುಚ್ಚಿಡುವುದಕ್ಕೆ ಅದು ಬೇಕೇ ಬೇಕು. ಮೂವತ್ತೈದರಿಂದ ನಲವತ್ತೈದು ಸೆಂಟಿಮೀಟರ್ ಆಳದ ಕುಂಡ ಸಾಕು. ತಳದಲ್ಲಿ ಹತ್ತು ಹದಿನೈದು ಸೆಂಟಿಮೀಟರ್ ಮಣ್ಣಿನ ಮಿಶ್ರಣ ಹಾಕಿ, ಮೊಳಕೆ ಮೇಲ್ಮುಖವಾಗಿರುವಂತೆ ಗಡ್ಡೆ ಇಟ್ಟು, ಮೇಲೆ ಹತ್ತು ಸೆಂಟಿಮೀಟರ್ ಮುಚ್ಚಿರಿ. ಗಿಡ ಒಂದು ಗೇಣು ಎತ್ತರವಾದಾಗ ಒಮ್ಮೆ, ಮತ್ತೆ ಅಷ್ಟೇ ಬೆಳೆದಾಗ ಇನ್ನೊಮ್ಮೆ, ತುದಿಯ ಎಲೆಗಳು ಮಾತ್ರ ಹೊರಗುಳಿಯುವಂತೆ ಮಣ್ಣು ಏರಿಸಿದರೆ ಕುಂಡ ತುಂಬುತ್ತದೆ. ಅಲ್ಲಿಗೆ ಆ ಕೆಲಸ ಮುಗಿಯಿತು.

ಎಷ್ಟು ಗಡ್ಡೆ ನೆಡಬೇಕೆಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಒಂದು ಗಿಡಕ್ಕೆ ಹತ್ತರಿಂದ ಹದಿನೈದು ಲೀಟರ್ ಮಣ್ಣು ಬೇಕು. ಹಾಗಾಗಿ ನಲವತ್ತು ಲೀಟರಿನ ಚೀಲಕ್ಕೆ ಮೂರು ಗಡ್ಡೆ ಸರಿಯಾದ ಲೆಕ್ಕ, ನಾಲ್ಕು ಇಟ್ಟರೆ ಗಡ್ಡೆಗಳ ಗಾತ್ರ ಚಿಕ್ಕದಾಗುತ್ತದೆ. ಜಾಗ ಕಡಿಮೆ ಎಂಬ ಕಾರಣಕ್ಕೇ ಒತ್ತಾಗಿ ನೆಡುವ ಆಸೆಯಾಗುತ್ತದೆ. ಆದರೆ ತಂಪಾಗಿ, ಒಂದೇ ಹದದ ತೇವದಲ್ಲಿ ಇರುವ ಮಣ್ಣು ಪ್ರತಿ ಗಿಡಕ್ಕೂ ಎಷ್ಟು ದೊರೆಯುತ್ತದೆ ಎಂಬುದರ ಮೇಲೆಯೇ ಕುಂಡದ ಬೆಳೆ ನಿಂತಿದೆ. ಬಿತ್ತಿದ ತೂಕದ ಐದರಿಂದ ಹತ್ತು ಪಟ್ಟು ಗಡ್ಡೆ ಸಿಕ್ಕರೆ ಕುಂಡದ ಮಟ್ಟಿಗೆ ಒಳ್ಳೆಯ ಇಳುವರಿ ಎಂದೇ ತಿಳಿಯಬೇಕು. ನೀರುಂಡ ನಲವತ್ತು ಲೀಟರ್ ಮಿಶ್ರಣ ನಲವತ್ತು ಕಿಲೋದ ಆಸುಪಾಸಿನಲ್ಲಿ ತೂಗುತ್ತದೆಂಬುದನ್ನೂ ಗಮನದಲ್ಲಿಟ್ಟುಕೊಳ್ಳಿ. ಬಾಲ್ಕನಿಯಲ್ಲಿ ಇಂತಹ ಚೀಲಗಳನ್ನೆಲ್ಲ ಒಂದೇ ಕಡೆ ರಾಶಿ ಹಾಕಬೇಡಿ.

ಉತ್ತರ: ಬೀಜದಬುಟ್ಟಿ

ಅಡುಗೆಮನೆಯ ಆಲೂಗಡ್ಡೆಯ ಬಗ್ಗೆ ಕೇಳಿದ್ದೀರಿ. ಮೊಳಕೆ ಬಂದಿದ್ದರೆ ಅದು ಗಿಡವಾಗುತ್ತದೆ, ಸಂದೇಹವಿಲ್ಲ. ಆದರೂ ಸಾಧ್ಯವಿದ್ದಲ್ಲಿ ಪ್ರಮಾಣೀಕೃತ ಬಿತ್ತನೆ ಗಡ್ಡೆಯನ್ನೇ ತನ್ನಿ ಎಂದು ಒತ್ತಿ ಹೇಳುತ್ತೇನೆ. ಇದಕ್ಕೆ ಎರಡು ಕಾರಣಗಳಿವೆ. ಅಡುಗೆಗೆಂದು ಮಾರುವ ಗಡ್ಡೆಗೆ ದಾಸ್ತಾನಿನಲ್ಲಿ ಮೊಳಕೆ ಬಾರದಂತೆ ಔಷಧ ಕೊಟ್ಟಿರುವುದುಂಟು. ಅಂತಹ ಗಡ್ಡೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಇಲ್ಲವೇ ಬಲಹೀನವಾದ ಮೊಳಕೆ ಒಡೆಯುತ್ತದೆ. ಇದಕ್ಕಿಂತ ಗಂಭೀರವಾದದ್ದು ನಂಜು ರೋಗ. ಗಿಡಹೇನುಗಳಿಂದ ಹರಡುವ ಈ ವೈರಸ್ಸುಗಳು ತಾಯಿಗಿಡದಿಂದ ಗಡ್ಡೆಗೆ ಇಳಿದು, ಅಲ್ಲಿಂದ ಮುಂದಿನ ಬೆಳೆಗೆ ದಾಟುತ್ತವೆ. ಗಡ್ಡೆಯನ್ನು ಎಷ್ಟು ತಿರುಗಿಸಿ ನೋಡಿದರೂ ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಗಿಡ ಬಂದ ಮೇಲೆ ಎಲೆ ಮುದುರಿಕೊಂಡು, ಹಳದಿ ಹಸಿರು ಮಚ್ಚೆಗಳೆದ್ದು, ಬೆಳವಣಿಗೆ ಕುಂಠಿತವಾದಾಗಲೇ ಗೊತ್ತಾಗುವುದು. ಆಮೇಲೆ ಅದಕ್ಕೆ ಮದ್ದಿಲ್ಲ. ಗಿಡವನ್ನು ಕಿತ್ತು ಹೊರಹಾಕುವುದೊಂದೇ ದಾರಿ. ಇರುವುದೇ ಎರಡು ಮೂರು ಚೀಲವಾದಾಗ ಒಂದು ಚೀಲ ಕೈಬಿಟ್ಟರೂ ನಷ್ಟ ದೊಡ್ಡದು.

ಕೋಳಿಮೊಟ್ಟೆಯ ಗಾತ್ರದ, ಮೂವತ್ತರಿಂದ ಅರವತ್ತು ಗ್ರಾಂ ತೂಗುವ ಗಡ್ಡೆಯನ್ನು ಇಡಿಯಾಗಿಯೇ ನೆಡುವುದು ಉತ್ತಮ. ದೊಡ್ಡದಿದ್ದರೆ ಪ್ರತಿ ತುಂಡಿಗೂ ಕನಿಷ್ಠ ಎರಡು ಕಣ್ಣುಗಳಿರುವಂತೆ ಶುಚಿಯಾದ ಚಾಕುವಿನಿಂದ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಹರಡಿಡಿ. ಕತ್ತರಿಸಿದ ಭಾಗ ಒಣಗಿ ತೊಗಲಿನಂತೆ ಗಟ್ಟಿಯಾದ ಮೇಲೆ ನೆಟ್ಟರೆ ಕೊಳೆಯುವ ಭಯ ಕಡಿಮೆ. ಹಸಿ ತುಂಡನ್ನು ತೇವದ ಮಣ್ಣಿಗೆ ಇಳಿಸಬೇಡಿ.

ಮೊಳಕೆಯನ್ನು ಕತ್ತಲಲ್ಲಿ ಬರಿಸುವುದಕ್ಕಿಂತ ಬೆಳಕಿನಲ್ಲಿ ಬರಿಸುವುದು ಲೇಸು. ಕತ್ತಲಲ್ಲಿ ಬಂದ ಮೊಳಕೆ ಬೆಳ್ಳಗೆ ಉದ್ದವಾಗಿ ಬೆಳೆದು, ನೆಡುವಾಗ ಕೈ ತಗುಲಿದರೆ ಮುರಿಯುತ್ತದೆ. ನೇರ ಬಿಸಿಲು ತಾಗದ, ಬೆಳಕು ಚೆನ್ನಾಗಿರುವ ತಂಪಾದ ಜಾಗದಲ್ಲಿ ಹೆಚ್ಚು ಕಣ್ಣುಗಳಿರುವ ತುದಿಯನ್ನು ಮೇಲೆ ಮಾಡಿ ಎರಡು ಮೂರು ವಾರ ಇಟ್ಟರೆ ಒಂದೆರಡು ಸೆಂಟಿಮೀಟರಿನ ಗಿಡ್ಡನೆಯ, ದಪ್ಪನೆಯ, ನೇರಳೆ ಇಲ್ಲವೇ ಹಸಿರು ಛಾಯೆಯ ಮೊಳಕೆಗಳು ಬರುತ್ತವೆ. ನೆಡಲು ಅದೇ ಹದ. ತಳಿಯ ಆಯ್ಕೆಯಲ್ಲಿ ಎಪ್ಪತ್ತರಿಂದ ತೊಂಬತ್ತು ದಿನಗಳಲ್ಲಿ ಬಲಿಯುವ ಅಲ್ಪಾವಧಿ ತಳಿಗೆ ಆದ್ಯತೆ ಕೊಡಿ. ಕುಂಡದ ಮಣ್ಣು ನೆಲದ ಮಣ್ಣಿನಷ್ಟು ಕಾಲ ಗಿಡವನ್ನು ಪೋಷಿಸಲಾರದು.

ಪ್ರಶ್ನೆ ಮುಂದುವರಿಕೆ: ತಾರಸಿತೋಟ

ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಎತ್ತರದ ಚೀಲದ ಯೋಚನೆಯನ್ನು ಬಿಟ್ಟು, ಅಗಲವಾದ ನಲವತ್ತು ಲೀಟರಿನ ಚೀಲಗಳನ್ನೇ ತರುತ್ತೇನೆ. ಮಣ್ಣಿನ ಮಿಶ್ರಣ ಮತ್ತು ನೀರಿನ ವಿಷಯ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ. ತಾರಸಿ ಮಧ್ಯಾಹ್ನ ಚೆನ್ನಾಗಿ ಕಾಯುತ್ತದೆ, ಅದರ ಚಿಂತೆಯೂ ಇದೆ. ಒಲೆಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಗಡ್ಡೆ ಬೆಳೆಗಳಿಗೆ ಅದನ್ನು ಧಾರಾಳವಾಗಿ ಹಾಕಬೇಕು ಎಂದು ಹಿರಿಯರೊಬ್ಬರು ಹೇಳಿದ್ದಾರೆ, ಇದನ್ನು ಅನುಸರಿಸಬಹುದೇ?

ಉತ್ತರ: ಮಣ್ಣಿನಹದ

ತೋಟದ ಮಣ್ಣನ್ನಷ್ಟೇ ಕುಂಡಕ್ಕೆ ತುಂಬಿದರೆ ನಾಲ್ಕಾರು ಸಲ ನೀರು ಹಾಕುವಷ್ಟರಲ್ಲಿ ಅದು ಗಟ್ಟಿಯಾಗಿ, ಗಡ್ಡೆ ಉಬ್ಬಲು ಎಡೆಯಿಲ್ಲದಂತಾಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಒಂದು ಪಾಲು ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ ಬೆರೆಸಿದರೆ ಸಡಿಲವೂ ಆಗಿರುತ್ತದೆ, ತೇವವನ್ನೂ ಹಿಡಿಯುತ್ತದೆ. ಹಸಿ ಸಗಣಿಯನ್ನಾಗಲಿ ಅರೆಕೊಳೆತ ಗೊಬ್ಬರವನ್ನಾಗಲಿ ಹಾಕಬೇಡಿ. ತಳದ ರಂಧ್ರಗಳಿಂದ ನೀರು ಸರಾಗವಾಗಿ ಇಳಿಯುವಂತೆ ಚೀಲವನ್ನು ಎರಡು ಇಟ್ಟಿಗೆ ಅಥವಾ ಮರದ ಪಟ್ಟಿಗಳ ಮೇಲೆ ಇಡಿ. ಇದರಿಂದ ಕಾದ ತಾರಸಿಯ ಶಾಖವೂ ನೇರವಾಗಿ ತಟ್ಟುವುದಿಲ್ಲ.

ಶಾಖದ ಬಗ್ಗೆ ನೀವು ಚಿಂತಿಸುತ್ತಿರುವುದು ಸರಿಯಾಗಿಯೇ ಇದೆ. ಗಡ್ಡೆ ಕಟ್ಟಲು ಹದಿನೈದರಿಂದ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಮಣ್ಣು ಅತ್ಯುತ್ತಮ. ಅದು ಮೂವತ್ತರ ಹತ್ತಿರ ಬಂದರೆ ಗಿಡ ಹಸಿರಾಗಿ ಸೊಂಪಾಗಿ ಬೆಳೆಯುತ್ತಲೇ ಇದ್ದರೂ ಕೆಳಗೆ ಗಡ್ಡೆ ಕಟ್ಟುವುದು ನಿಂತುಹೋಗುತ್ತದೆ. ಆದ್ದರಿಂದ ನಿಮ್ಮಲ್ಲಿ ರಾತ್ರಿಗಳು ತಂಪಾಗಿರುವ ಕಾಲ ಯಾವುದೋ ಆ ಕಾಲಕ್ಕೆ ಗಡ್ಡೆ ಕಟ್ಟುವ ಹಂತ ಬರುವಂತೆ ನಾಟಿಯ ದಿನವನ್ನು ಲೆಕ್ಕ ಹಾಕಬೇಕು. ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲು ಬೀಳುವ ಬದಿ ಮಧ್ಯಾಹ್ನ ಮುಟ್ಟಲಾರದಷ್ಟು ಕಾಯುತ್ತದೆ. ಒಳಗೆ ಅದೇ ಬದಿಯಲ್ಲಿ ಬೇರು ಸಾಯುತ್ತದೆ. ತಿಳಿಬಣ್ಣದ ಕುಂಡ ಅಥವಾ ಗಾಳಿಯಾಡುವ ಬಟ್ಟೆಯ ಚೀಲ ವಾಸಿ. ಕಪ್ಪು ಕುಂಡವೇ ಇದ್ದರೆ ಅದಕ್ಕೆ ಗೋಣಿಚೀಲ ಸುತ್ತಿ, ಮಣ್ಣಿನ ಮೇಲೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಸಿ. ಬೆಳಗಿನ ಬಿಸಿಲು ಪೂರ್ತಿ ಸಿಗುವ, ಇಳಿಹೊತ್ತಿಗೆ ನೆರಳಾಗುವ ಜಾಗ ನಿಮ್ಮ ಬಾಲ್ಕನಿಯಲ್ಲಿದ್ದರೆ ತಾರಸಿಗಿಂತ ಅದನ್ನೇ ನಾನು ಆರಿಸುತ್ತಿದ್ದೆ.

ಇನ್ನು ನೀರು. ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುವುದರಿಂದ ಈ ಬೆಳೆಯಲ್ಲಿ ನೀರಿನ ಕೊರತೆ ನೇರವಾಗಿ ಇಳುವರಿಯ ಕೊರತೆಯಾಗುತ್ತದೆ. ಆದರೆ ಎಷ್ಟು ಕೊಟ್ಟೆವು ಎಂಬುದಕ್ಕಿಂತಲೂ ಎಷ್ಟು ಏಕರೀತಿಯಲ್ಲಿ ಕೊಟ್ಟೆವು ಎಂಬುದು ದೊಡ್ಡದು. ನಾಲ್ಕು ದಿನ ಒಣಗಲು ಬಿಟ್ಟು ಐದನೆಯ ದಿನ ಕುಂಡ ಮುಳುಗುವಂತೆ ನೀರೆರೆದರೆ, ನಿಂತಿದ್ದ ಬೆಳವಣಿಗೆ ಒಮ್ಮೆಲೇ ಶುರುವಾಗಿ ಗಡ್ಡೆ ಸೀಳುತ್ತದೆ, ಅದರ ಮೈಮೇಲೆ ಇನ್ನೊಂದು ಮರಿಗಡ್ಡೆ ಎದ್ದು ಗಂಟುಗಂಟಾಗುತ್ತದೆ, ಕೆಲವೊಮ್ಮೆ ಒಳಗೆ ಟೊಳ್ಳಾಗುತ್ತದೆ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ; ತುದಿಗೆ ತಂಪು ತಗಲದಿದ್ದರೆ ಆಗ ಬುಡಕ್ಕೆ ನೀರು ಕೊಡಿ. ಸೆಖೆಯ ದಿನಗಳಲ್ಲಿ ಬಟ್ಟೆಯ ಚೀಲಕ್ಕೆ ದಿನವೂ ಬೇಕಾಗುತ್ತದೆ. ಎಲೆಗಳ ಮೇಲೆ, ಅದರಲ್ಲೂ ಸಂಜೆಯ ಹೊತ್ತು, ನೀರು ಸುರಿಯಬೇಡಿ.

ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜ, ಗಡ್ಡೆಗೆ ಪೊಟ್ಯಾಷ್ ಬೇಕೆಂಬುದೂ ನಿಜ. ನಾಟಿಯ ಸಮಯದಲ್ಲಿ ಚೀಲಕ್ಕೆ ಒಂದು ಹಿಡಿ ಬೂದಿ ಹಾಕಿ, ಒಂದು ತಿಂಗಳಾದ ಮೇಲೆ ಇನ್ನೊಂದು ಹಿಡಿ ಕೊಡಬಹುದು ಎಂದು ನನ್ನ ಅಭಿಪ್ರಾಯ.

ಉತ್ತರ: ಬೇರುಮೂಲ

ಮಣ್ಣಿನಹದ ಅವರ ಉಳಿದೆಲ್ಲ ಮಾತನ್ನೂ ಒಪ್ಪುತ್ತೇನೆ, ಬೂದಿಯೊಂದನ್ನು ಬಿಟ್ಟು. ಬೂದಿ ಕ್ಷಾರಗುಣದ್ದು, ಅದು ಮಣ್ಣಿನ ರಸಸಾರವನ್ನು (ಪಿಎಚ್) ಏರಿಸುತ್ತದೆ. ಆಲೂಗಡ್ಡೆಗೆ 5ರಿಂದ 6ರ ನಡುವಿನ, ತುಸು ಹುಳಿಗುಣದ ಮಣ್ಣು ಹಿತ. ರಸಸಾರ ಅದಕ್ಕಿಂತ ಮೇಲೇರಿದಷ್ಟೂ ಸಿಪ್ಪೆಯ ಮೇಲೆ ಒರಟಾದ ಕಂದು ಹಕ್ಕಳೆಗಳನ್ನು ಎಬ್ಬಿಸುವ ಕಜ್ಜಿ ರೋಗಕ್ಕೆ ಅನುಕೂಲವಾಗುತ್ತದೆ. ನೆಲದಲ್ಲಿ ಒಂದು ಹಿಡಿ ಬೂದಿ ಎಲ್ಲಿಯೋ ಕರಗಿಹೋಗುತ್ತದೆ. ನಲವತ್ತು ಲೀಟರ್ ಮಣ್ಣಿನಲ್ಲಿ ಅದರ ಪರಿಣಾಮ ಎದ್ದು ಕಾಣುತ್ತದೆ. ಪೊಟ್ಯಾಷ್ ಕೊಡಲೇಬೇಕೆಂದಿದ್ದರೆ ರಸಸಾರವನ್ನು ಕದಲಿಸದ ಪೊಟ್ಯಾಸಿಯಂ ಸಲ್ಫೇಟನ್ನು ಆ ಗೊಬ್ಬರದ ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಕೊಡಿ. ಸುಣ್ಣವನ್ನಂತೂ ಹತ್ತಿರ ತರಬೇಡಿ. ಗಡ್ಡೆ ಕಟ್ಟಲು ಆರಂಭವಾದ ಮೊದಲ ಕೆಲವು ವಾರ ಮಣ್ಣು ಒಣಗದಂತೆ ನೋಡಿಕೊಂಡರೆ ಕಜ್ಜಿ ರೋಗ ಬಹಳ ಮಟ್ಟಿಗೆ ತಗ್ಗುತ್ತದೆ.

ಸಾರಜನಕದ ವಿಷಯದಲ್ಲಿಯೂ ಕೈ ಬಿಗಿ ಇರಲಿ. ಯೂರಿಯಾದಂತಹ ಗೊಬ್ಬರವನ್ನು ಎಲೆ ಹಸಿರಾಗಿ ಕಾಣಲೆಂದು ಮತ್ತೆ ಮತ್ತೆ ಕೊಟ್ಟರೆ ಗಿಡ ಸೊಪ್ಪಿನ ಕಡೆಗೇ ವಾಲುತ್ತದೆ, ಗಡ್ಡೆ ಹಿಂದೆ ಬೀಳುತ್ತದೆ.

ಉತ್ತರ: ಮಣ್ಣಿನಹದ

ಕುಂಡದ ಅಳತೆಯಲ್ಲಿ ಬೂದಿಯ ಬಗ್ಗೆ ತಾವು ಹೇಳಿದ್ದು ಸರಿ. ಹೊಸದಾಗಿ ಆರಂಭಿಸುವವರು ಬೂದಿಯನ್ನು ಬಿಟ್ಟು ತಾವು ಸೂಚಿಸಿದ ದಾರಿಯನ್ನೇ ಹಿಡಿಯುವುದು ಕ್ಷೇಮ.

ಉತ್ತರ: ಹೊಲದಂಚು

ಟೊಮೆಟೊ ಬೆಳೆದ ಮಣ್ಣಿನ ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ. ಅದನ್ನು ಆಲೂಗಡ್ಡೆಗೆ ಬಳಸಬೇಡಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಈ ನಾಲ್ಕೂ ಒಂದೇ ಕುಟುಂಬದ ಬೆಳೆಗಳು, ಇವುಗಳಿಗೆ ಬರುವ ರೋಗಗಳಲ್ಲಿ ಹಲವು ಸಮಾನ. ಸೊರಗು ರೋಗದ ರೋಗಾಣುಗಳೂ ಗಂಟುಬೇರಿನ ಜಂತುಹುಳುಗಳೂ ಹಳೆಯ ಮಣ್ಣಿನಲ್ಲಿ ಉಳಿದಿರಬಹುದು. ಆ ಮಣ್ಣಿಗೆ ಕಾಂಪೋಸ್ಟ್ ಸೇರಿಸಿ ಹುರುಳಿಕಾಯಿ, ಸೊಪ್ಪು, ಮೂಲಂಗಿ ಬೆಳೆಯಿರಿ. ಆಲೂಗಡ್ಡೆ ತೆಗೆದ ಮಣ್ಣಿಗೂ ಇದೇ ನಿಯಮ ಅನ್ವಯಿಸುತ್ತದೆ; ಮೂರು ವರ್ಷದ ಮಟ್ಟಿಗೆ ಈ ನಾಲ್ಕನ್ನೂ ಅದರಲ್ಲಿ ನೆಡದಿರುವುದು ಒಳ್ಳೆಯದು.

ರೋಗಗಳಲ್ಲಿ ನೀವು ಗುರುತು ಹಿಡಿಯಲು ಕಲಿಯಲೇಬೇಕಾದದ್ದು ಅಂಗಮಾರಿ. ತಂಪು ಹವೆ, ಮೋಡ, ಜಿಟಿಜಿಟಿ ಮಳೆ ಒಟ್ಟಾದಾಗ ಇದು ಬರುತ್ತದೆ. ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂತಹ ಕಡುಬಣ್ಣದ ಮಚ್ಚೆಗಳೆದ್ದು, ಬೆಳಗಿನ ಹೊತ್ತು ಎಲೆಯನ್ನು ಮಗುಚಿ ನೋಡಿದರೆ ಮಚ್ಚೆಯ ಸುತ್ತ ಬಿಳಿಯ ಬೂಷ್ಟು ಕಾಣುತ್ತದೆ. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ನೆಲಕಚ್ಚಿಸಿ ಮಹಾ ಕ್ಷಾಮಕ್ಕೆ ಕಾರಣವಾದದ್ದು ಇದೇ ರೋಗ. ನಾಲ್ಕೇ ದಿನಗಳಲ್ಲಿ ಗಿಡವನ್ನು ಕರಕಲು ಮಾಡುವ ಶಕ್ತಿ ಅದಕ್ಕಿದೆ. ಒಂದೆರಡು ಎಲೆಗಳಲ್ಲಷ್ಟೇ ಇದ್ದರೆ ಅವನ್ನು ತೆಗೆದು ಮನೆಯಿಂದ ಹೊರಗೆ ಹಾಕಿ. ಕಾಂಡಕ್ಕೆ ಹಬ್ಬಿದ್ದರೆ ಇಡೀ ಸೊಪ್ಪನ್ನು ಬುಡದವರೆಗೆ ಕತ್ತರಿಸಿ ತೆಗೆದು, ಎರಡು ವಾರ ಚೀಲವನ್ನು ಮುಟ್ಟದೆ ಬಿಟ್ಟು ಆಮೇಲೆ ಗಡ್ಡೆ ತೆಗೆಯಿರಿ. ಸೊಪ್ಪನ್ನು ಮನೆಯ ಕಾಂಪೋಸ್ಟಿಗೆ ಸೇರಿಸಬೇಡಿ. ಬಾಲ್ಕನಿಯಲ್ಲಿ ಬೆಳೆಯುವವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಸೂರಿನ ಕೆಳಗಿರುವ ಗಿಡದ ಎಲೆ ಮಳೆಗೆ ನೆನೆಯುವುದಿಲ್ಲ.

ಬೆಳಕು ತಗಲಿದ ಗಡ್ಡೆ ಹಸಿರಾಗುವುದರ ಅಪಾಯವನ್ನೂ ಸ್ಪಷ್ಟವಾಗಿ ಹೇಳಬೇಕು. ಹಸಿರು ಬಣ್ಣ ಪತ್ರಹರಿತ್ತಿನದು, ಅದರಿಂದ ಕೇಡಿಲ್ಲ. ಆದರೆ ಅದೇ ಬೆಳಕು ಗಡ್ಡೆಯಲ್ಲಿ ಸೊಲನೈನ್ ಎಂಬ ಕಹಿ ವಿಷವನ್ನೂ ಹೆಚ್ಚಿಸುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಹೆಚ್ಚು ಹಸಿರಾದ, ನಾಲಗೆಗೆ ಕಹಿ ಎನಿಸುವ ಗಡ್ಡೆಯನ್ನು ತಿನ್ನಲೇಬಾರದು. ಹೂವಾದ ಮೇಲೆ ಕೆಲವು ತಳಿಗಳಲ್ಲಿ ಎಳೆಯ ಟೊಮೆಟೊವನ್ನು ಹೋಲುವ ಹಸಿರು ಕಾಯಿಗಳು ಬಿಡುತ್ತವೆ, ಅವೂ ವಿಷವೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಂಡ ಕೂಡಲೇ ಕಿತ್ತುಹಾಕಿ.

ಕೊಯ್ಲಿಗೆ ಹೂವನ್ನೇ ಕಾಯಬೇಕಿಲ್ಲ, ಕೆಲವು ತಳಿಗಳು ಹೂ ಬಿಡುವುದೇ ಅಪರೂಪ. ಎಳೆಗಡ್ಡೆ ಬೇಕಿದ್ದರೆ ನಾಟಿಯಾಗಿ ಎರಡೂವರೆ ತಿಂಗಳ ಹೊತ್ತಿಗೆ ಚೀಲದ ಅಂಚಿನಲ್ಲಿ ಕೈ ಇಳಿಸಿ ನಾಲ್ಕು ಗಡ್ಡೆ ತೆಗೆದು ಮತ್ತೆ ಮಣ್ಣು ಮುಚ್ಚಬಹುದು. ಸಂಗ್ರಹಿಸಿಡುವ ಗಡ್ಡೆಯಾದರೆ ಎಲೆಗಳು ಹಳದಿಯಾಗಿ ಕಾಂಡ ಬಾಗುವವರೆಗೆ ಕಾಯಿರಿ. ಆಮೇಲೆ ನೀರು ನಿಲ್ಲಿಸಿ, ಸೊಪ್ಪು ಕತ್ತರಿಸಿ, ಹತ್ತು ಹದಿನಾಲ್ಕು ದಿನ ಮಣ್ಣಿನಲ್ಲೇ ಬಿಡಿ. ಒಂದು ಗಡ್ಡೆಯನ್ನು ಹೊರತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಸಿಪ್ಪೆ ಜಾರಿ ಸುಲಿದು ಬಂದರೆ ಇನ್ನೂ ಬಲಿತಿಲ್ಲ, ಅಲುಗದೆ ನಿಂತರೆ ಚೀಲವನ್ನು ಟಾರ್ಪಾಲಿನ ಮೇಲೆ ಮಗುಚಬಹುದು. ತೆಗೆದ ಗಡ್ಡೆಯನ್ನು ತೊಳೆಯದೆ, ಮಣ್ಣು ಒರೆಸಿ, ಕತ್ತಲೆಯಿರುವ ಗಾಳಿಯಾಡುವ ಜಾಗದಲ್ಲಿ ಒಂದೆರಡು ವಾರ ಹರಡಿಟ್ಟರೆ ಸಣ್ಣಪುಟ್ಟ ಗಾಯಗಳು ಮಾಯುತ್ತವೆ. ಅನಂತರ ಗೋಣಿಚೀಲದಲ್ಲಿ ತುಂಬಿ ತಂಪಾದ ಕಡೆ ಇಡಿ. ಫ್ರಿಜ್ಜಿನಲ್ಲಿಟ್ಟರೆ ಪಿಷ್ಟವು ಸಕ್ಕರೆಯಾಗಿ ತಿರುಗಿ, ಕರಿದಾಗ ಗಡ್ಡೆ ಬೇಗ ಕಪ್ಪಾಗುತ್ತದೆ. ಗಾಯಗೊಂಡವನ್ನೂ ಸೀಳಿದವನ್ನೂ ಚೀಲಕ್ಕೆ ಸೇರಿಸದೆ ಮೊದಲು ಅಡುಗೆಗೆ ಬಳಸಿಬಿಡಿ.